ಬೆಳ್ಳಗಾದ ಉಂಗುರ

ನನ್ನ ಮಗಳ ಕಣಕಾಲಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದರೆ ಈಗ ಗುಳಿ ಬೀಳುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳಬೇಕಾದದ್ದರಲ್ಲಿ ಒಂದು ಸಾವಿದೆ. ಅದರ ಹಿಂದೆಯೇ ಇನ್ನೊಂದು ಬರುತ್ತದೇನೋ ಎಂದು ಓದುವವರು ಹೆದರಿಕೊಂಡು ಓದಬಾರದು. ಬರಲಿಲ್ಲ. ಬರಲು ನಾವು ಬಿಡಲಿಲ್ಲ.

ಮಾದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಬೆಳಿಗ್ಗೆ ಆಳುಗಳ ಹಾಜರಿ, ಯಾರು ಯಾವ ಕಡೆ ಕೆಲಸಕ್ಕೆ ಹೋಗಬೇಕೆಂದು ಹೇಳುವುದು, ಪಿಕ್ಕಿಂಗ್ ಕಾಲದಲ್ಲಿ ಸಂಜೆ ಹಣ್ಣಿನ ತೂಕ, ಇಷ್ಟು ನನ್ನ ಕೆಲಸ. ಅಪ್ಪನ ಕಾಲದಲ್ಲಿ ಹಾಸನದ ಕಡೆಯಿಂದ ಕುಶಾಲನಗರದ ಹತ್ತಿರ ಬಂದು ನೆಲೆ ನಿಂತವರು ನಾವು. ಪಿಯುಸಿವರೆಗೆ ಓದಿದ್ದೇನೆ. ಹಾಜರಿ ಪುಸ್ತಕ ಬಿಟ್ಟರೆ ಬೇರೇನನ್ನೂ ಇಷ್ಟುದ್ದ ಬರೆದವನಲ್ಲ. ಹೆಂಡತಿ ಹೋಗಿ ಮೂರನೇ ವರ್ಷ ನಡೆಯುತ್ತಿದೆ. ಮನೆಯಲ್ಲಿ ಅವಳ ಜೊತೆ ಆಡುತ್ತಿದ್ದ ಮಾತೆಲ್ಲ ಹಾಗೇ ಉಳಿದುಕೊಂಡಿದೆ, ಅದರಲ್ಲಿ ಒಂದಷ್ಟನ್ನು ಇಲ್ಲಿ ಇಳಿಸುತ್ತಿದ್ದೇನೆ ಎಂದುಕೊಳ್ಳಿ.

ಅವಳು ಅದೇ ಎಸ್ಟೇಟಿನ ನರ್ಸರಿಯಲ್ಲಿದ್ದಳು. ಪ್ಲಾಸ್ಟಿಕ್ ತೊಟ್ಟೆಗಳಿಗೆ ಮಣ್ಣು, ಗೊಬ್ಬರ ತುಂಬಿ ಕಾಫಿ ಸಸಿ ಕೂರಿಸುವ ಕೆಲಸ. ಅವಳ ಕೈಯಲ್ಲಿ ನೆಟ್ಟ ಸಸಿಗಳು ಈಗ ಹಣ್ಣು ಬಿಡುತ್ತಿವೆ, ಅವುಗಳ ಸಾಲಿನಲ್ಲಿ ನಡೆದು ಹೋಗುವಾಗ ನಾನು ಸ್ವಲ್ಪ ನಿಧಾನ ಮಾಡುತ್ತೇನೆ.

ಮಗಳು ಹುಟ್ಟಿದ ಮೇಲೆ ಅವಳ ಎರಡು ಕೆನ್ನೆಗೂ ಬಂಗು ಬಂದಿತ್ತು. ಬಿಸಿಲಿನಲ್ಲಿ ಕೆಲಸ ಮಾಡುವ ಹೆಂಗಸರಿಗೆ ಬರುವ ಕಂದು ಕಲೆ. ಜಾಯಿಕಾಯಿಯನ್ನು ಹಾಲಿನಲ್ಲಿ ತೇದು ಹಚ್ಚುತ್ತಿದ್ದಳು. ಹೋಗಲೂ ಇಲ್ಲ, ಅವಳು ಅಷ್ಟಾಗಿ ತಲೆ ಕೆಡಿಸಿಕೊಂಡಿರಲೂ ಇಲ್ಲ. ಒಂದು ಮದುವೆಯ ಫೋಟೋ ಬಂದಾಗ ನಾನೇ ಒಂದು ಮಾತು ಅಂದುಬಿಟ್ಟೆ.

"ಏನೇ ಇದು, ಕೆನ್ನೆ ಮೇಲೆ ಕೊಡಗಿನ ಮ್ಯಾಪ್ ಬರೆದಂಗಿದೆ."

"ಹೂಂ, ಮಡಿಕೇರಿ ಎಲ್ಲಿದೆ ತೋರಿಸಿ ನೋಡಾಣ" ಅಂದಳು.

ಇಬ್ಬರೂ ನಕ್ಕೆವು. ಆದರೆ ಮುಂದಿನ ವಾರ ಸಂತೆಗೆ ಹೊರಟಾಗ ಒಂದು ಖಾಲಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಗಳಲ್ಲಿ, ಯಾರೋ ಬಳಸಿ ಬಿಟ್ಟದ್ದು. "ಇದೇ ಥರದ್ದು ಸಿಕ್ಕಿದ್ರೆ ತನ್ನಿ. ಹದಿನೈದು ದಿನದಲ್ಲಿ ಬಂಗು ಹೋಗುತ್ತಂತೆ." ಫ್ಯಾನ್ಸಿ ಸ್ಟೋರಿನಲ್ಲಿ ಕೇಳಿದೆ. ಗಾಜಿನ ಕಪಾಟಿನಿಂದಲ್ಲ, ಕೌಂಟರಿನ ಕೆಳಗಿನಿಂದ ತೆಗೆದು ಕೊಟ್ಟರು. ಅದೇಕೆ ಕೆಳಗಿಟ್ಟಿದ್ದಾರೆ ಎಂದು ನನಗೆ ಹೊಳೆಯಲಿಲ್ಲ. ಒಳ್ಳೆಯ ಮಾಲು, ಅದಕ್ಕೇ ಒಳಗಿಟ್ಟಿದ್ದಾರೆ ಎಂದುಕೊಂಡೆ.

ಕ್ರೀಮು ಕೆಲಸ ಮಾಡಿತು. ಅದರಲ್ಲಿ ಸುಳ್ಳು ಹೇಳಲಾರೆ. ಎರಡು ವಾರದಲ್ಲಿ ಬಂಗು ತಿಳಿಯಾಯಿತು, ತಿಂಗಳಲ್ಲಿ ಮಾಯವಾಯಿತು. ಹಚ್ಚುವುದು ನಿಲ್ಲಿಸಿದರೆ ಮತ್ತೆ ಬರುತ್ತಿತ್ತು, ಅದಕ್ಕೇ ನಿಲ್ಲಿಸುತ್ತಿರಲಿಲ್ಲ. ಡಬ್ಬಿ ಮುಗಿಯುವ ಮೊದಲೇ ನಾನು ಇನ್ನೊಂದು ತರುತ್ತಿದ್ದೆ. ಅವಳು ಕೇಳಬೇಕಾಗಿಯೇ ಇರಲಿಲ್ಲ. ನನಗೂ ಆ ಮುಖ ಇಷ್ಟವಾಗಿತ್ತು.

ಉಂಗುರ ಬೆಳ್ಳಗಾಗಲು ಶುರುವಾದದ್ದು ಅದಾಗಿ ಎಷ್ಟೋ ತಿಂಗಳ ಮೇಲೆ. ಮದುವೆಯಲ್ಲಿ ಮಾಡಿಸಿದ ಉಂಗುರ. ನರ್ಸರಿಗೆ ಹೋಗುವಾಗ ತೆಗೆದಿಟ್ಟು, ಮನೆಗೆ ಬಂದು ಕೈಕಾಲು ತೊಳೆದು ಹಾಕಿಕೊಳ್ಳುತ್ತಿದ್ದಳು. ಆಮೇಲೆ ಕನ್ನಡಿ ಮುಂದೆ ಕೂತು ಕ್ರೀಮು. ಮೊದಲು ಒಂದು ಕಡೆ ಅಕ್ಕಿಕಾಳಿನಷ್ಟು ಬಿಳಿ ಕಂಡಿತು, ಆಮೇಲೆ ಅರ್ಧ ಉಂಗುರಕ್ಕೆ ಹರಡಿತು. ಹುಣಸೆಹಣ್ಣು ಹಾಕಿ ಉಜ್ಜಿದಳು, ಹೋಗಲಿಲ್ಲ. ನನಗೆ ಸಿಟ್ಟು ಬಂತು. ಮಾಡಿಕೊಟ್ಟ ಅಕ್ಕಸಾಲಿಗರ ಅಂಗಡಿಗೆ ನೇರವಾಗಿ ಹೋದೆ. ಅವರ ಅಪ್ಪನ ಕಾಲದಿಂದ ನಮ್ಮ ಮನೆಗೆ ಒಡವೆ ಮಾಡುತ್ತಿದ್ದವರು ಅವರು. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು.

"ಏನ್ ಆಚಾರ್ರೇ, ಚಿನ್ನ ಅಂತ ಕೊಟ್ಟಿದ್ದು ಬೆಳ್ಳಿ ಆಗ್ತಾ ಇದೆಯಲ್ಲ?"

ಅವರು ಕನ್ನಡಕ ಏರಿಸಿ, ದೀಪದ ಹತ್ತಿರ ಹಿಡಿದು ನೋಡಿದರು. "ಇದು ಬೆರಕೆ ಅಲ್ಲ ರೈಟ್ರೇ. ಬೇರೆ ಏನೋ ತಾಗಿದೆ. ಬಿಟ್ಟು ಹೋಗಿ, ಎರಡು ದಿನ ಇಟ್ಕೊಂಡು ನೋಡಿ ಹೇಳ್ತೀನಿ."

"ಬಿಟ್ಟು ಹೋದ್ರೆ ಬದಲಾಯ್ಸಿ ಕೊಡಕ್ಕಾ?"

ಇಬ್ಬರು ಗಿರಾಕಿಗಳೂ ತಿರುಗಿ ನೋಡಿದರು. ಆಚಾರರು ಉಂಗುರವನ್ನು ಕೆಂಪು ಬಟ್ಟೆಯ ಮೇಲಿಟ್ಟು ನನ್ನ ಕಡೆಗೆ ಸರಿಸಿದರು.

"ತಗೊಂಡ್ ಹೋಗಿ ಹಂಗಾದ್ರೆ."

ತೆಗೆದುಕೊಂಡು ಬಂದೆ. ಹೆಂಡತಿ ಬೈದಳು. "ಪಾಪ, ಆ ಮನುಷ್ಯನ್ನ ಯಾಕ್ರೀ ಅಂದ್ರಿ? ನಿಮ್ಮ ಸ್ಪ್ರೇ ಬಟ್ಟೆ ಒಗೆದು ಒಗೆದು ಹಿಂಗಾಗಿರ್ಬೇಕು." ಮಳೆಗಾಲಕ್ಕೆ ಮೊದಲು ಕಾಫಿ ಗಿಡಕ್ಕೆ ಮೈಲುತುತ್ತ, ಸುಣ್ಣ ಬೆರೆಸಿ ಹೊಡೆಯುತ್ತೇವೆ. ನಮ್ಮ ಅಂಗಿಯ ಮೇಲೆ, ಕೊಡದ ಮೇಲೆ, ಎಸ್ಟೇಟಿನ ಗೋಡೆಗಳ ಮೇಲೆಲ್ಲ ಅದರ ಕಲೆ. ತೋಟದಲ್ಲಿ ಬದುಕುವವರಿಗೆ ಯಾವ ಕಲೆ ಕಂಡರೂ ಮೊದಲು ಅದೇ ನೆನಪಾಗುವುದು. ಹೌದಿರಬೇಕು ಎಂದುಕೊಂಡೆ. ಆದರೂ ಆಚಾರರ ಅಂಗಡಿಯ ಮುಂದೆ ಹೋಗುವುದನ್ನು ಬಿಟ್ಟೆ, ರಸ್ತೆಯ ಆಚೆ ಬದಿಯಿಂದ ನಡೆಯುತ್ತಿದ್ದೆ.

ಅವಳ ಕಾಯಿಲೆಯನ್ನು ಉದ್ದ ಮಾಡುವುದಿಲ್ಲ. ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊತ, ಸಂಜೆಗೆ ಕಾಲು ಊತ. ಕಿಡ್ನಿ ಎಂದರು. ದೊಡ್ಡ ಆಸ್ಪತ್ರೆಗೆ ಹೋದೆವು. ಡಾಕ್ಟರು ಸರಿಯಾಗಿಯೇ ಕೇಳಿದರು, ನಾಟಿ ಔಷಧಿ, ಪುಡಿ, ಭಸ್ಮ, ಏನಾದರೂ ತೆಗೆದುಕೊಂಡಿದ್ದೀರಾ ಎಂದು. ಇಲ್ಲ ಎಂದೆವು. ಇಬ್ಬರೂ ಒಟ್ಟಿಗೆ ಹೇಳಿದೆವು. ಮುಖಕ್ಕೆ ಹಚ್ಚುವುದು ಔಷಧಿಯಲ್ಲವಲ್ಲ. ಆಸ್ಪತ್ರೆಗೆ ಹೊರಡುವಾಗ ಚೀಲದಲ್ಲಿ ಬಾಚಣಿಗೆಯ ಪಕ್ಕದಲ್ಲೇ ಆ ಡಬ್ಬಿ ಇತ್ತು. ನಾನೇ ಇಟ್ಟಿದ್ದೆ.

ಕಾಫಿ ಹೂವು ಬಿಟ್ಟ ವಾರ ಅವಳು ಹೋದಳು. ಸಿಸ್ಟರ್ ಒಬ್ಬರು ಉಂಗುರವನ್ನು ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟರು. ತಿಥಿ ಮುಗಿದ ದಿನ ಅದನ್ನು ಮಗಳ ಬೆರಳಿಗೆ ಹಾಕಿದೆ.

ಆಮೇಲೆ ನನ್ನ ಸಿಟ್ಟೆಲ್ಲ ಮೈಲುತುತ್ತದ ಮೇಲೆ. ಅವಳನ್ನು ಕೊಂದದ್ದು ಆ ಸ್ಪ್ರೇ ಎಂದು ಮನಸ್ಸಿನಲ್ಲಿ ತೀರ್ಮಾನ ಮಾಡಿಬಿಟ್ಟಿದ್ದೆ. ಎಸ್ಟೇಟಿನ ಸಾಹುಕಾರರಿಗೆ ಹೇಳಿ ಸ್ಪ್ರೇ ಕೆಲಸದಿಂದ ಬಿಡಿಸಿಕೊಂಡೆ. ತೋಟದ ಬಟ್ಟೆಯನ್ನು ಸ್ಟೋರಿನಲ್ಲೇ ಬಿಚ್ಚಿಟ್ಟು ಮನೆಗೆ ಬರುತ್ತಿದ್ದೆ. ಡಿಗ್ರಿ ಮೊದಲ ವರ್ಷದಲ್ಲಿದ್ದ ಮಗಳು ತೋಟಕ್ಕೆ ಕಾಲಿಡಕೂಡದು ಎಂದೆ. ಸ್ನೇಹಿತೆಯರ ಜೊತೆ ನೆಲ್ಲಿಕಾಯಿ ಕೀಳಲು ಹೋದದ್ದಕ್ಕೂ ಕೂಗಾಡಿದ್ದೇನೆ. ಹೀಗೆ ಒಂದೂವರೆ ವರ್ಷ ಕಾವಲು ಕಾದೆ. ಕಾದದ್ದು ತಪ್ಪು ಬಾಗಿಲನ್ನು.

ಒಂದು ಸಂಜೆ ಮಗಳು ಕಾಲೇಜಿನಿಂದ ಬಂದು ಸಾಕ್ಸ್ ಬಿಚ್ಚಿದಳು. ಕಣಕಾಲಿನ ಸುತ್ತ ಸಾಕ್ಸಿನ ಗುರುತು ಆಳವಾಗಿ ಕೂತಿತ್ತು. ಅಂಥ ಗುರುತು ನನಗೆ ಗೊತ್ತಿತ್ತು. "ಕಾಲು ಇಲ್ಲಿ ಕೊಡು" ಎಂದು ಹೆಬ್ಬೆರಳಿಟ್ಟು ಒತ್ತಿದೆ. ಬೆರಳು ತೆಗೆದ ಮೇಲೂ ಗುಳಿ ಹಾಗೇ ನಿಂತಿತ್ತು.

"ಏನಪ್ಪಾ?"

"ಏನಿಲ್ಲ, ನಡೆದು ಸುಸ್ತಾಗಿರ್ಬೇಕು" ಎಂದೆ. ಹಿತ್ತಲಿಗೆ ಹೋಗಿ ತೊಟ್ಟಿಯ ಕಟ್ಟೆ ಹಿಡಿದುಕೊಂಡು ನಿಂತೆ.

ಮೂತ್ರದಲ್ಲಿ ಪ್ರೋಟೀನು ಹೋಗುತ್ತಿದೆ, ಮೂರು ಪ್ಲಸ್ ಎಂದರು. ಅವಳಮ್ಮನದ್ದೂ ಮೂರು ಪ್ಲಸ್ಸಿನಿಂದಲೇ ಶುರುವಾಗಿತ್ತು. ಅದೇ ದೊಡ್ಡ ಆಸ್ಪತ್ರೆ, ಅದೇ ಡಾಕ್ಟರು. ಕಿಡ್ನಿಯ ಸಣ್ಣ ಚೂರು ತೆಗೆದು ಪರೀಕ್ಷೆ ಮಾಡಬೇಕು, ಒಡವೆಗಳನ್ನೆಲ್ಲ ತೆಗೆದು ಬನ್ನಿ ಎಂದು ದಿನ ಕೊಟ್ಟರು. ಓಲೆ ಬಂತು, ಬಳೆ ಬಂತು. ಉಂಗುರ ಬರಲಿಲ್ಲ. ಬೆರಳು ಊದಿಕೊಂಡು ಉಂಗುರ ಕಚ್ಚಿತ್ತು. ಸೋಪು ಹಚ್ಚಿದೆವು, ಎಣ್ಣೆ ಹಚ್ಚಿದೆವು, ಬೆರಳು ಕೆಂಪಾಗಿ ಮಗಳು ಅಳುವಂತಾದಳು. ಅದನ್ನು ಕತ್ತರಿಸಿ ತೆಗೆಯುವವರು ನಮ್ಮ ಕಡೆ ಒಬ್ಬರೇ.

ರಸ್ತೆ ದಾಟಿದೆ.

ಆಚಾರರು ತಲೆ ಎತ್ತಿ ನನ್ನನ್ನು ನೋಡಿದರು, ಆಮೇಲೆ ಮಗಳನ್ನು ನೋಡಿದರು. "ಬಾ ಮಗ, ಕೂತ್ಕೊ" ಎಂದರು. ನನಗೆ ಕೂರಲು ಹೇಳಲಿಲ್ಲ. ನಾನು ಬಾಗಿಲ ಬಳಿ ನಿಂತೆ.

ಬೆರಳಿಗೆ ದಾರ ಸುತ್ತಿ ಸರಿಸಿ ನೋಡಿದರು, ಆಗಲಿಲ್ಲ. ಸಣ್ಣ ಗರಗಸ ತೆಗೆದರು. ಉಂಗುರದ ಕೆಳಗೆ ಒಂದು ತಗಡಿನ ಚೂರು ತೂರಿಸಿ ಕೊಯ್ಯಲು ಶುರು ಮಾಡಿದರು. ಎರಡೇ ಎಳೆತಕ್ಕೆ ಉಂಗುರ ಟಕ್ ಎಂದು ಮುರಿಯಿತು. ಅವರು ಗರಗಸ ಕೆಳಗಿಟ್ಟರು. ಎರಡೂ ಚೂರುಗಳನ್ನು ಅಂಗೈಯಲ್ಲಿ ಹಾಕಿಕೊಂಡು ಬಾಗಿಲ ಬೆಳಕಿಗೆ ಬಂದರು. ಈಗ ಅರ್ಧವಲ್ಲ, ಇಡೀ ಉಂಗುರವೇ ಬೆಳ್ಳಗಿತ್ತು.

"ಚಿನ್ನ ಹಿಂಗೆ ಮುರಿಯಲ್ಲ" ಎಂದರು. "ಬಾಗುತ್ತೆ. ಇದು ಪೆಡಸಾಗಿದೆ. ಮನೇಲಿ ಥರ್ಮಾಮೀಟರ್ ಒಡೆದಿತ್ತಾ?"

"ಇಲ್ಲ."

"ಹಂಗಾದ್ರೆ ಪಾದರಸ ಎಲ್ಲಿಂದ ಬಂತು?"

ಪಾದರಸ ಎಂಬ ಮಾತು ನಾನು ಶಾಲೆಯ ಪುಸ್ತಕದ ಆಚೆ ಕೇಳಿದ್ದು ಅದೇ ಮೊದಲು. ನಾನು ಮೈಲುತುತ್ತ ಎಂದೆ. ಅವರಿಗೆ ಸಿಟ್ಟು ಬಂತು. "ಮೈಲುತುತ್ತ ತಾಗಿದ್ರೆ ಚಿನ್ನ ಬೆಳ್ಳಗಾಗಲ್ಲ ರೈಟ್ರೇ! ನಮ್ಮಪ್ಪ ದೇವರ ಬೆಳ್ಳಿ ಮುಖವಾಡಕ್ಕೆ ಚಿನ್ನದ ಮುಲಾಮು ಹಾಕ್ತಿದ್ದ. ಚಿನ್ನಾನ ಪಾದರಸದಲ್ಲಿ ಕಲಸಿ ಬಳಿಯೋದು, ಆಮೇಲೆ ಕಾಯ್ಸಿ ಪಾದರಸ ಹಾರಿಸೋದು. ಕಲಸಿದಾಗ ಇದೇ ಬಣ್ಣ. ಕೊನೆಗಾಲಕ್ಕೆ ಅಪ್ಪನ ಕೈ ಹೆಂಗೆ ನಡುಗ್ತಿತ್ತು ಅಂದ್ರೆ, ಕಾಫಿ ಲೋಟ ನಾವೇ ಹಿಡಿದು ಕುಡಿಸ್ಬೇಕಿತ್ತು. ಈ ಬಣ್ಣ ನಾನು ಮರೀತೀನಾ? ಅವತ್ತೇ ಸಂಶಯ ಬಂದಿತ್ತು ನನಗೆ. ಕಾಯ್ಸಿ ನೋಡಾಣ ಅಂತ್ಲೇ ಬಿಟ್ಟು ಹೋಗಿ ಅಂದಿದ್ದು."

ನಾನು ಬಾಗಿಲ ಬಳಿಯಿಂದ ಒಳಗೆ ಬಂದು ಮಗಳ ಪಕ್ಕದಲ್ಲಿ ನಿಂತೆ.

ಅವರು ಮಗಳ ಕಡೆ ತಿರುಗಿದರು. ದನಿ ಇಳಿಸಿದರು. "ಏನ್ ಹಚ್ಕೋತೀಯ ಮಗ, ಕೈಗೋ ಮುಖಕ್ಕೋ?"

ಮಗಳು ನನ್ನ ಮುಖ ನೋಡಿದಳು. ಆಮೇಲೆ ಕಾಲೇಜು ಬ್ಯಾಗಿನ ಒಳ ಜೇಬಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ನಾನು ತಂದು ಇಟ್ಟು, ಅವಳಮ್ಮ ತೆರೆಯದೆ ಉಳಿದಿದ್ದ ಮೂರು ಡಬ್ಬಿಗಳಲ್ಲಿ ಕೊನೆಯದು.

"ನಿನಗೆ ಬಂಗೇ ಇಲ್ಲವಲ್ಲ, ಯಾಕಮ್ಮಾ?" ಎಂದೆ.

"ಅಮ್ಮನ ವಾಸನೆ ಬರ್ತಿತ್ತಪ್ಪ" ಎಂದಳು. "ಹಚ್ಕೊಂಡು ಮಲಗಿದ್ರೆ ನಿದ್ದೆ ಬರ್ತಿತ್ತು."

ಆಚಾರರು ಮುಖ ತಿರುಗಿಸಿಕೊಂಡರು. ನಾನು ಡಬ್ಬಿ ತೆಗೆದುಕೊಂಡೆ. ಅಷ್ಟು ವರ್ಷ ತಂದುಕೊಟ್ಟವನು ಅದರ ಮೇಲಿನ ಅಕ್ಷರವನ್ನು ಒಂದು ದಿನವೂ ಓದಿರಲಿಲ್ಲ. ಯಾವುದೋ ದೇಶದ ಲಿಪಿ, ಅದರ ಕೆಳಗೆ ಇರುವೆ ಸಾಲಿನಂಥ ಇಂಗ್ಲಿಷು. ಆಚಾರರ ಭೂತಗನ್ನಡಿ ಇಸಿದುಕೊಂಡು ಒಂದೊಂದೇ ಪದ ಕೂಡಿಸಿ ಓದಿದೆ. ಏನೇನು ಹಾಕಿದ್ದಾರೆಂದು ಇರಲಿಲ್ಲ. ಚಿನ್ನ, ಬೆಳ್ಳಿ, ಅಲ್ಯೂಮಿನಿಯಂ ಒಡವೆಗಳಿಗೆ ತಾಗಿಸಬೇಡಿ ಎಂದು ಇತ್ತು. ಒಡವೆ ಹಾಳಾಗಬಾರದೆಂದು ಎಚ್ಚರಿಕೆ ಬರೆದವರು ಮುಖದ ಬಗ್ಗೆ ಒಂದಕ್ಷರ ಬರೆದಿರಲಿಲ್ಲ.

ಡಬ್ಬಿಯನ್ನೂ ಉಂಗುರದ ಒಂದು ಚೂರನ್ನೂ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಡಾಕ್ಟರ ಮುಂದಿಟ್ಟೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಚರ್ಮ ಬಿಳಿ ಮಾಡಲು ಕೆಲವು ಕ್ರೀಮುಗಳಿಗೆ ಪಾದರಸ ಹಾಕುತ್ತಾರೆ, ಅದಕ್ಕೆ ಅನುಮತಿ ಇಲ್ಲ, ಆದರೂ ಕದ್ದು ಬರುತ್ತದೆ, ಚರ್ಮದಿಂದ ಒಳಗಿಳಿದು ಕಿಡ್ನಿ ಕೆಡಿಸುತ್ತದೆ ಎಂದರು. ಕಿಡ್ನಿ ಚೂರಿನ ಪರೀಕ್ಷೆಗೆ ಮೊದಲು ರಕ್ತ, ಮೂತ್ರ ಎರಡನ್ನೂ ಪರೀಕ್ಷೆಗೆ ಕಳಿಸಿದರು. ಎರಡರಲ್ಲೂ ಪಾದರಸ ಇತ್ತು.

"ನನ್ನ ಹೆಂಡತಿಗೂ..." ಎಂದೆ.

"ಇದ್ದಿರಬಹುದು. ಈಗ ಖಚಿತವಾಗಿ ಹೇಳಕ್ಕಾಗಲ್ಲ" ಎಂದರು. ಆಮೇಲೆ, "ಇವಳದ್ದು ಬೇಗ ಗೊತ್ತಾಗಿದೆ. ನಿಲ್ಲಿಸಿದ್ರೆ ಇದು ಬಹಳಷ್ಟು ಸಲ ತಾನಾಗೇ ಇಳಿಯುತ್ತೆ. ನಿಲ್ಲಿಸಿದ್ರೆ ಸಾಕು ಅನ್ನೋ ಕಾಯಿಲೆ ನಮಗೆ ಸಿಗೋದೇ ಅಪರೂಪ" ಎಂದರು.

ಆ ಮಾತು ಹಿಡಿದುಕೊಂಡು ಮನೆಗೆ ಬಂದೆವು. ಕಿಟಕಿ ತೆರೆದೆವು. ದಿಂಬಿನ ಹತ್ತಿ, ಟವೆಲು, ಅವಳಮ್ಮನ ಪೌಡರ್ ಪಫ್ಫು, ಏನೇನಕ್ಕೆ ಕ್ರೀಮು ತಾಗಿತ್ತೋ ಎಲ್ಲ ಕಟ್ಟಿ ಹೊರಗಿಟ್ಟೆವು. ಮಗಳು ಒಂದು ಹಳೆಯ ಸೀರೆಯನ್ನು ಹಿಡಿದು ನಿಂತಳು. "ಇದನ್ನ ಅಮ್ಮ ಕ್ರೀಮ್ ಬರೋದಕ್ಕೆ ಮುಂಚೆ ಉಡ್ತಿದ್ಲು, ಇದಿರ್ಲಿ" ಎಂದಳು. ಮೂಸಿ ನೋಡಿದೆ. ಪೆಟ್ಟಿಗೆಯ ನುಸಿಗುಳಿಗೆಯ ವಾಸನೆ, ಅದರಡಿ ಸ್ವಲ್ಪ ಜಾಯಿಕಾಯಿ. ಇರಲಿ ಎಂದೆ.

ದಿನಾ ಬೆಳಿಗ್ಗೆ ಹೆಬ್ಬೆರಳಿನ ಪರೀಕ್ಷೆ. ಮೊದಲ ತಿಂಗಳು ಏನೂ ಬದಲಾಗಲಿಲ್ಲ. ನಾನು ಅವಳ ಕಾಲು ಒತ್ತುವುದು, ಅವಳು ನನ್ನ ಮುಖ ನೋಡುವುದು. ಎರಡನೇ ತಿಂಗಳು ಗುಳಿ ಆಳ ಕಡಿಮೆಯಾಯಿತು. ಮೂರು ಪ್ಲಸ್ ಎರಡಾಯಿತು. ಒಂದಾಯಿತು. ಅಲ್ಲೇ ಸುಮಾರು ದಿನ ನಿಂತಿತು, ನನ್ನ ಜೀವ ಹೋದ ಹಾಗೆ. "ಅಪ್ಪಾ, ಒತ್ತಿ ಒತ್ತಿ ನೀನೇ ಗುಳಿ ಮಾಡ್ತಿದ್ದೀಯ" ಎಂದು ಮಗಳು ರೇಗಿದಳು. ಆ ರೇಗುವಿಕೆಯಲ್ಲಿ ಅವಳಮ್ಮನ ದನಿ ಇತ್ತು, ಕೊಡಗಿನ ಮ್ಯಾಪಿನಲ್ಲಿ ಮಡಿಕೇರಿ ತೋರಿಸಿ ಅಂದ ದನಿ.

ಈ ನಡುವೆ ಪಿಕ್ಕಿಂಗ್ ಶುರುವಾಗಿತ್ತು. ಸಂಜೆ ತೂಕದ ಹೊತ್ತಿಗೆ ಲೈನಿನ ಹೆಂಗಸರೆಲ್ಲ ಚೀಲ ಇಳಿಸಿ ಸಾಲಾಗಿ ನಿಲ್ಲುತ್ತಾರೆ. ನಾನು ಹೆಸರು ಕರೆಯುವುದು ಬಿಟ್ಟು ಬೇರೆ ಮಾತಾಡುವವನಲ್ಲ. ಅವತ್ತು ತೂಕ ಮುಗಿಸಿ ಪುಸ್ತಕ ಮುಚ್ಚಿ, "ಒಂದು ನಿಮಿಷ" ಎಂದೆ. "ಮುಖಕ್ಕೆ ಹಚ್ಚೋ ಬಿಳಿ ಕ್ರೀಮು ಯಾರ್ಯಾರ ಮನೇಲಿದೆ?"

ಹಿಂದಿನಿಂದ ಒಬ್ಬಳು, "ಯಾಕೆ ರೈಟ್ರಣ್ಣ, ನಿಮಗೆ ಬೇಕಿತ್ತಾ?" ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ಇನ್ನೊಬ್ಬಳು, "ಆ ಮುಖಕ್ಕೆ ಒಂದು ಡಬ್ಬಿ ಸಾಲಲ್ಲಕ್ಕಾ" ಎಂದಳು. ನನಗೂ ನಗು ಬಂತು. ಎಷ್ಟೋ ದಿನವಾಗಿತ್ತು.

ಮೇಜಿನ ಮೇಲೆ ಉಂಗುರದ ಚೂರು ಇಟ್ಟೆ. ಇದು ನನ್ನ ಹೆಂಡತಿಯದು, ಇದು ಚಿನ್ನ ಎಂದೆ. ಆಚಾರರು ಹೇಳಿದ್ದು, ಡಾಕ್ಟರು ಹೇಳಿದ್ದು, ನಾನು ಡಬ್ಬಿ ತಂದುಕೊಟ್ಟದ್ದು, ಎಲ್ಲ ಹೇಳಿದೆ. ಭಾಷಣ ಮಾಡಲು ನನಗೆ ಬರುವುದಿಲ್ಲ, ಹಾಜರಿ ಓದುವ ದನಿಯಲ್ಲೇ ಹೇಳಿದೆ. ಯಾರೂ ನಗಲಿಲ್ಲ. ಲೈನಿನ ಹಿರಿಯ ತಮಿಳು ಅಜ್ಜಿ ಮುಂದೆ ಬಂದು ಚೂರನ್ನು ಕಣ್ಣಿನ ಹತ್ತಿರ ಹಿಡಿದರು. ಆಮೇಲೆ ತಿರುಗಿ ತಮ್ಮ ಸೊಸೆಯ ಗಲ್ಲ ಹಿಡಿದು ಮುಖ ಎತ್ತಿ ಮೂಗುತಿ ನೋಡಿದರು. ಒಂದು ಅಂಚು ಬೆಳ್ಳಗಿತ್ತು.

"ಅಯ್ಯೋ ಪಾಪಿ" ಎಂದು ಸೊಸೆಯ ಬೆನ್ನಿಗೆ ಒಂದು ಗುದ್ದಿದರು. "ಅದ್ಕೇ ನಿಂಗೆ ದಿನಾ ಕಾಲ್ ನೋವು, ಸುಸ್ತು. ನಾನ್ ನಾಟಕ ಅಂದ್ಕೊಂಡೆ!"

ಮರುದಿನ ಹೆಂಗಸರು ಮಡಿಲಿನಲ್ಲಿ ಡಬ್ಬಿಗಳನ್ನು ಕಟ್ಟಿಕೊಂಡು ಬಂದರು. ಹಳೆಯ ಬಕೆಟ್ಟೊಂದು ತುಂಬಿತು. ಒಬ್ಬಳು ಹೊಳೆಗೆ ಎಸೆಯೋಣ ಎಂದಳು. "ಆಮೇಲೆ ಮೀನಿನ ಮುಖ ಬೆಳ್ಳಗಾಗ್ಲಿ ಅಂತಾನಾ?" ಎಂದು ಅಜ್ಜಿ ಕೇಳಿದರು. ಆರೋಗ್ಯ ಕೇಂದ್ರದ ಸಿಸ್ಟರಿಗೆ ಫೋನು ಮಾಡಿದೆ. ಅವರೇ ಬಂದು ಮುಚ್ಚಳ ಬಿಗಿದು ತೆಗೆದುಕೊಂಡು ಹೋದರು, ಅಜ್ಜಿಯ ಸೊಸೆ ಸೇರಿ ಐವರನ್ನು ಪರೀಕ್ಷೆಗೂ ಕರೆದುಕೊಂಡು ಹೋದರು. ಸೊಸೆಗೆ ಒಂದು ಪ್ಲಸ್ ಇತ್ತು. ಈಗ ಇಲ್ಲ. ಅವಳ ಕೆನ್ನೆಗೆ ಬಂಗು ವಾಪಸ್ಸು ಬಂದಿದೆ. ಅದನ್ನು ಹೊತ್ತುಕೊಂಡೇ ಅವಳು ಈ ವರ್ಷ ಲೈನಿನಲ್ಲಿ ಎಲ್ಲರಿಗಿಂತ ಹೆಚ್ಚು ಹಣ್ಣು ಕಿತ್ತಳು.

ನಮ್ಮ ಅಪ್ಪ ಊರ ನಾಟಕದಲ್ಲಿ ಹೆಣ್ಣು ವೇಷ ಹಾಕುತ್ತಿದ್ದ. ಮುಖಕ್ಕೆ ಸಫೇದದ ಬಿಳಿ, ಕೆನ್ನೆಗೆ ಇಂಗಳೀಕದ ಕೆಂಪು, ರಾಜನ ಪಾತ್ರದವನಿಗೆ ಅರದಾಳದ ಹಳದಿ. ಇದನ್ನು ಆಚಾರರಿಗೆ ಹೇಳಿದಾಗ ಅವರು ನಕ್ಕರು. "ಇಂಗಳೀಕದೊಳಗೂ ಪಾದರಸವೇ ರೈಟ್ರೇ. ಅರದಾಳ ಅಂದ್ರೆ ಪಾಷಾಣ. ನಿಮ್ಮಪ್ಪ ವರ್ಷಕ್ಕೊಂದು ದಿನ ಬಳ್ಕೊಂಡು ಬೆಳಿಗ್ಗೆ ತೊಳ್ಕೊಂಡ. ನೀವು ದಿನಾ ಬಳ್ಸಿದ್ರಿ." ಸುತ್ತಿ ಬಳಸಿ ಮಾತಾಡುವವರಲ್ಲ ಅವರು. ನನಗೆ ಅದು ಬೇಕಾಗಿತ್ತು. ತಪ್ಪು ನಿನ್ನದಲ್ಲ ಎಂದು ಎಲ್ಲರೂ ಹೇಳುತ್ತಿದ್ದರು, ಅದರಿಂದ ನನಗೆ ನಿದ್ದೆ ಬರುತ್ತಿರಲಿಲ್ಲ.

ಒಡೆದ ಉಂಗುರವನ್ನು ಆಚಾರರು ಒಳಗೆ ಕಾಯಿಸಲಿಲ್ಲ. ಆ ಹೊಗೆಯೇ ತಮ್ಮ ಅಪ್ಪನ ಕೈ ತಿಂದದ್ದು ಎಂದು, ಮೂಗಿಗೆ ಬಟ್ಟೆ ಕಟ್ಟಿ, ಅಂಗಡಿಯ ಹಿಂದಿನ ಬಯಲಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೂತು, ನಮ್ಮನ್ನು ದೂರ ನಿಲ್ಲಿಸಿ ಕಾಯಿಸಿದರು. ಬಿಳಿ ಬಣ್ಣ ಮೊದಲು ಬೂದಿಯಾಯಿತು, ಆಮೇಲೆ ಒಂದು ಅಂಚಿನಿಂದ ಹಳದಿ ಹತ್ತಿಕೊಂಡಿತು. ಮಗಳು ನನ್ನ ತೋಳು ಹಿಡಿದುಕೊಂಡಿದ್ದಳು. ಕರಗಿಸಿ, ಬಡಿದು, ಊದಿದ ಬೆರಳಿನ ಅಳತೆಗೆ ದೊಡ್ಡದು ಮಾಡಿಕೊಟ್ಟರು. ಮಗಳ ಬೆರಳಿಗೆ ಸರಿಯಾಗಿ ಕೂತಿತು. ಆಗಿನ್ನೂ ಎರಡು ಪ್ಲಸ್ ಇತ್ತು.

ಮೊನ್ನೆ ಕೊನೆಯ ರಿಪೋರ್ಟು ಬಂತು. ಪ್ರೋಟೀನು ಎಂಬುದರ ಎದುರು ಇಲ್ಲ ಎಂದಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಅದನ್ನು ಮೂರು ಸಲ ಓದಿದೆ. ಬಸ್ಸು ಹತ್ತಿ ಕೂತ ಮೇಲೆ ಮಗಳು ಕಿಟಕಿಯಿಂದ ಕೈ ಹೊರಗಿಟ್ಟಳು. "ಕೈ ಒಳಗ್ ತಗೊಳೇ" ಎನ್ನುವಷ್ಟರಲ್ಲಿ ಅವಳೇ ಚೀರಿ ಕೈ ಎಳೆದುಕೊಂಡಳು. ಉಂಗುರ ಬೆರಳಿನ ಗೆಣ್ಣಿನವರೆಗೆ ಜಾರಿ ಬಂದಿತ್ತು. ಊತವೆಲ್ಲ ಇಳಿದು ಬೆರಳು ತೆಳ್ಳಗಾಗಿತ್ತು, ಅವಳಮ್ಮ ಮದುವೆಯಾದಾಗ ಇದ್ದಷ್ಟು ತೆಳ್ಳಗೆ. ಇಬ್ಬರೂ ಆ ಸಡಿಲ ಉಂಗುರವನ್ನು ನೋಡಿ ನಗಲು ಶುರು ಮಾಡಿದೆವು. ಪಕ್ಕದ ಸೀಟಿನವರು ನಮಗೇನೋ ಆಗಿದೆ ಎಂದುಕೊಂಡಿರಬೇಕು.

ಮನೆಗೂ ಹೋಗದೆ ನೇರ ಅಂಗಡಿಗೆ ಹೋದೆವು.

"ಕತ್ತರಿಸಿ ಅಂತ ಬರ್ತೀರಿ, ಸೇರಿಸಿ ಅಂತ ಬರ್ತೀರಿ, ಈಗೇನು?" ಎಂದರು ಆಚಾರರು.

ಮಗಳು ಬೆರಳು ಕೆಳಗೆ ಮಾಡಿದಳು. ಉಂಗುರ ತಾನಾಗೇ ಕಳಚಿ ಅವರ ಕೆಂಪು ಬಟ್ಟೆಯ ಮೇಲೆ ಬಿತ್ತು.

ಅವರು ಅದನ್ನು ನೋಡಿದರು, ಮಗಳ ಬೆರಳು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಬಿಟ್ಟು ಹೋಗಿ" ಎಂದರು. "ಎರಡು ದಿನ ಬೇಕು."

ಬಿಟ್ಟು ಬಂದೆ.